ದ್ರಾಕ್ಷಿ ಎಲೆಯ ಯಪ್ರಾಕ್: ಬಸವಕಲ್ಯಾಣ, ಹುಮನಾಬಾದಿನ ಅಡುಗೆಮನೆಗಳಿಗೆ ಒಂದು ಕೈಪಿಡಿ



ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಕೊಲ್ಕತ್ತದ ಸಂತ ತೆರೇಸಾ ಅವರ ಹಬ್ಬವನ್ನು ನಮ್ಮ ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ, ಧರ್ಮಭಗಿನಿಯರ ಮನೆಗಳಲ್ಲಿ ಆಚರಿಸುತ್ತೇವೆ. ಅವರ ಚಿತ್ರಕ್ಕೆ ಹೂವಿಡುತ್ತೇವೆ, ಅವರ ಸೇವೆಯ ಬಗ್ಗೆ ಮಕ್ಕಳಿಂದ ಭಾಷಣ ಮಾಡಿಸುತ್ತೇವೆ. ಆದರೆ ಅವರು ಹುಟ್ಟಿ ಬೆಳೆದ ಜನಾಂಗದವರ ಮನೆಯ ಊಟ ಎಂಥದು ಎಂದು ಯಾರೂ ಅಷ್ಟಾಗಿ ಕೇಳುವುದಿಲ್ಲ. 1910ರ ಆಗಸ್ಟ್ 26ರಂದು ಸ್ಕೋಪ್ಯೆ ನಗರದ ಅಲ್ಬೇನಿಯನ್ ಕುಟುಂಬವೊಂದರಲ್ಲಿ ಹುಟ್ಟಿದ ಆ ಬಾಲಕಿ 1928ರಲ್ಲಿ, 18ನೆಯ ವಯಸ್ಸಿನಲ್ಲಿ, ಮನೆ ಬಿಟ್ಟರು. ಮತ್ತೆ ತಮ್ಮ ತಾಯಿಯ ಮುಖವನ್ನು ಅವರು ನೋಡಲಿಲ್ಲ. ತಾಯಿ ದ್ರಾನಾಫಿಲೆ 1972ರಲ್ಲಿ ಅಲ್ಬೇನಿಯಾದ ತಿರಾನಾದಲ್ಲಿ ತೀರಿಕೊಂಡಾಗ ಆ ದೇಶದ ಬಾಗಿಲು ಮುಚ್ಚಿತ್ತು. 1989ರಲ್ಲಷ್ಟೇ ಮಗಳಿಗೆ ತಾಯಿಯ ಸಮಾಧಿಯ ಬಳಿ ನಿಲ್ಲಲು ಸಾಧ್ಯವಾಯಿತು. ಆ ತಾಯಿಯ ಊಟದ ಮೇಜಿನಲ್ಲಿ ಬಡವರಿಗೆ ಸದಾ ಜಾಗವಿತ್ತು ಎಂಬುದನ್ನು ಮದರ್ ತೆರೇಸಾ ಅವರ ಜೀವನಚರಿತ್ರೆಗಳೆಲ್ಲ ಹೇಳುತ್ತವೆ.

ಅಲ್ಬೇನಿಯನ್ನರ ಮನೆಗಳಲ್ಲಿ ನೆಂಟರು ಬಂದಾಗ, ಹಬ್ಬ ಬಂದಾಗ ಮಾಡುವ ಅಡುಗೆಗಳಲ್ಲಿ ಒಂದು ಯಪ್ರಾಕ್. ಎಳೆಯ ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಈರುಳ್ಳಿ, ಸೊಪ್ಪು, ಕೆಲವೊಮ್ಮೆ ಮಾಂಸ ಸೇರಿಸಿದ ಹೂರಣವಿಟ್ಟು ಬೆರಳುದ್ದಕ್ಕೆ ಸುತ್ತಿ ನಿಧಾನವಾಗಿ ಬೇಯಿಸುವ ತಿನಿಸು ಇದು. ಇದನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಮನೆಯಲ್ಲೇ ಮಾಡುವುದು ಹೇಗೆ ಎಂದು ಈ ಲೇಖನದಲ್ಲಿ ವಿವರಿಸುತ್ತೇವೆ.

ಆ ಎರಡು ಊರುಗಳೇ ಏಕೆ? ಬೀದರ್ ಜಿಲ್ಲೆ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಕರಾವಳಿಯಿಂದ ಹೋದ ಗುರುಗಳು, ಧರ್ಮಭಗಿನಿಯರು, ಶಿಕ್ಷಕರು, ದಾದಿಯರು ಆ ಬಯಲುಸೀಮೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಅಲ್ಲಿನ ಅಡುಗೆಮನೆ ನಮ್ಮದರಂತಲ್ಲ. ತೆಂಗಿನಕಾಯಿ, ಕುಚ್ಚಲಕ್ಕಿ, ಹಸಿ ಮೀನು ನಮ್ಮಲ್ಲಿಯಷ್ಟು ಸುಲಭವಲ್ಲ. ಜೋಳ, ತೊಗರಿ, ಹೆಸರು, ಕಡಲೆ, ಕುಸುಬೆ ಎಣ್ಣೆ, ಮೊಸರು ಅಲ್ಲಿಯ ಸಂಪತ್ತು. ಯಪ್ರಾಕ್‌ಗೆ ತೆಂಗಿನಕಾಯಿಯೂ ಬೇಡ, ಮೀನೂ ಬೇಡ. ಬೇಕಾದ ಎಲ್ಲವೂ ಹುಮನಾಬಾದಿನ ಸಂತೆಯಲ್ಲೇ ಸಿಗುತ್ತದೆ, ಒಂದರ ಹೊರತು. ಆ ಒಂದು ಎಂದರೆ ನಂಬಿ ಬಾಯಿಗಿಡಬಹುದಾದ ಎಲೆ. ಈ ಅಡುಗೆಯಲ್ಲಿ ಹೂರಣಕ್ಕಿಂತ ಎಲೆಯನ್ನು ತಿಳಿದುಕೊಳ್ಳುವುದೇ ಮುಖ್ಯ.

ಹೆಸರಿನ ಹಿನ್ನೆಲೆ

ಯಪ್ರಾಕ್ ಎಂಬುದು ತುರ್ಕಿ ಭಾಷೆಯಿಂದ ಅಲ್ಬೇನಿಯನ್ ಭಾಷೆಗೆ ಬಂದ ಪದ. ಅದರ ಅರ್ಥ 'ಎಲೆ', ಅಷ್ಟೇ. ನಮ್ಮ ಪತ್ರೊಡೆಯ ಹೆಸರಿನಲ್ಲೂ ಇರುವುದು ಪತ್ರ, ಅಂದರೆ ಎಲೆ. ಎರಡು ದೂರದ ನಾಡುಗಳ ಜನ ತಮ್ಮ ತಿನಿಸಿಗೆ ಒಳಗಿನ ಹೂರಣದ ಹೆಸರಿಡದೆ ಹೊರಗಿನ ಎಲೆಯ ಹೆಸರನ್ನೇ ಇಟ್ಟದ್ದು ಗಮನಿಸಬೇಕಾದ ಸಂಗತಿ.

ಅಲ್ಬೇನಿಯಾ ಸುಮಾರು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದು 1912ರ ನವೆಂಬರ್ 28ರಂದು ಸ್ವಾತಂತ್ರ್ಯ ಘೋಷಿಸಿತು. ಆ ಸಾಮ್ರಾಜ್ಯ ಹಬ್ಬಿದ್ದ ಬಾಲ್ಕನ್, ತುರ್ಕಿ, ಅರಬ್ ನಾಡುಗಳಲ್ಲೆಲ್ಲ ಇಂಥ ಅಡುಗೆ ಇದೆ. ಇದರಲ್ಲಿ ಎರಡು ಮುಖ್ಯ ಬಗೆ. ಎಲೆಯಲ್ಲಿ ಸುತ್ತಿದ್ದು ಸರ್ಮಾ. ಆ ಪದ ಬಂದದ್ದು 'ಸುತ್ತು' ಎಂಬ ತುರ್ಕಿ ಕ್ರಿಯಾಪದದಿಂದ. ತರಕಾರಿಯ ಒಳಗೆ ತುಂಬಿದ್ದು ದೋಲ್ಮಾ. ಅದು ಬಂದದ್ದು 'ತುಂಬು' ಎಂಬ ಅರ್ಥದ ಕ್ರಿಯಾಪದದಿಂದ. ಆಡುಮಾತಿನಲ್ಲಿ ಈ ಎರಡೂ ಹೆಸರುಗಳು ಬೆರೆತುಹೋಗುವುದುಂಟು. ಅಲ್ಬೇನಿಯಾದಲ್ಲಿ ದ್ರಾಕ್ಷಿ ಎಲೆಯದಕ್ಕೆ ಯಪ್ರಾಕ್ ಎಂದೂ ಎಲೆಕೋಸಿನದಕ್ಕೆ ಸರ್ಮಾ ಎಂದೂ ಸಾಮಾನ್ಯವಾಗಿ ಕರೆಯುತ್ತಾರೆ. ದೋಲ್ಮಾ ಮಾಡಿ ಹಂಚಿ ಉಣ್ಣುವ ಅಜರ್‌ಬೈಜಾನಿನ ಸಂಪ್ರದಾಯವನ್ನು 2017ರಲ್ಲಿ ಯುನೆಸ್ಕೋ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ನಮ್ಮ ಅಡುಗೆಯ ಭಾಷೆಯಲ್ಲಿ ಹೇಳುವುದಾದರೆ ಬಹಳ ಸುಲಭ. ಬೀದರಿನವರು ಜೋಳದ ರೊಟ್ಟಿಯ ಜೊತೆ ಮಾಡುವ ಬದನೆಕಾಯಿ ಎಣ್ಣೆಗಾಯಿ ದೋಲ್ಮಾದ ಬಗೆಯದು, ಅದು ತುಂಬಿದ್ದು. ಕರಾವಳಿಯ ಪತ್ರೊಡೆ ಸರ್ಮಾದ ಬಗೆಯದು, ಅದು ಸುತ್ತಿದ್ದು. ಮದರ್ ತೆರೇಸಾ ಬಾಳಿದ ಕೊಲ್ಕತ್ತದಲ್ಲೂ ಪಟೋಲ್ ಎಂಬ ತರಕಾರಿಯೊಳಗೆ ಹೂರಣ ತುಂಬಿ ಮಾಡುವ ದೋರ್ಮಾ ಎಂಬ ಪದಾರ್ಥವಿದೆ. ಆ ಹೆಸರು ದೋಲ್ಮಾದಿಂದಲೇ ಬಂತೆಂದೂ ಅಲ್ಲಿ ನೆಲೆಸಿದ ಆರ್ಮೇನಿಯನ್ ವರ್ತಕರ ಮೂಲಕ ಬಂತೆಂದೂ ಬಂಗಾಳದಲ್ಲಿ ಹೇಳುತ್ತಾರೆ.

ಪತ್ರೊಡೆ, ಆಳುವಡಿ, ಯಪ್ರಾಕ್

ಎಲೆಯಲ್ಲಿ ಬೇಯಿಸುವ ನಮ್ಮ ತಿನಿಸುಗಳೆಲ್ಲ ಒಂದೇ ಬಗೆಯವಲ್ಲ. ಅರಿಶಿನ ಎಲೆಯ ಕಡುಬು, ಹಲಸಿನ ಎಲೆಯ ಕೊಟ್ಟೆ ಕಡುಬು, ಕೇದಗೆ ಎಲೆಯ ಮೂಡೆ, ಇವುಗಳಲ್ಲಿ ಎಲೆ ಕೇವಲ ಪಾತ್ರೆ. ಪರಿಮಳ ಕೊಟ್ಟು ಅದರ ಕೆಲಸ ಮುಗಿಯುತ್ತದೆ, ತಿನ್ನುವಾಗ ಅದನ್ನು ಬಿಸಾಡುತ್ತೇವೆ. ಪತ್ರೊಡೆಯಲ್ಲಿ ಎಲೆಯೇ ಆಹಾರ. ಯಪ್ರಾಕ್ ಈ ಎರಡನೆಯ ಸಾಲಿಗೆ ಸೇರುತ್ತದೆ.

ಬಸವಕಲ್ಯಾಣ ಮಹಾರಾಷ್ಟ್ರದ ಗಡಿಗೆ ತಾಗಿದ ತಾಲೂಕು. ಗಡಿಯ ಮರಾಠಿ ಮನೆಗಳಲ್ಲಿ ಇದೇ ಕೆಸುವಿನ ಎಲೆಗೆ ಕಡಲೆ ಹಿಟ್ಟಿನ ಹೂರಣ ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ, ಕತ್ತರಿಸಿ ಎಣ್ಣೆಯಲ್ಲಿ ಕರಿಯುವ ಆಳುವಡಿ ಮಾಡುತ್ತಾರೆ. ಕರಾವಳಿಯಲ್ಲಿ ಅಕ್ಕಿ ಬೆಳೆಯುತ್ತದೆ, ಪತ್ರೊಡೆಗೆ ಅಕ್ಕಿ ಬಂತು. ಬಯಲುಸೀಮೆಯಲ್ಲಿ ಕಡಲೆ ಬೆಳೆಯುತ್ತದೆ, ಆಳುವಡಿಗೆ ಕಡಲೆ ಹಿಟ್ಟು ಬಂತು. ಹೂರಣವನ್ನು ಆಯಾ ನೆಲ ಕೊಡುತ್ತದೆ. ಆದ್ದರಿಂದ ಹುಮನಾಬಾದಿನಲ್ಲಿ ಯಪ್ರಾಕ್ ಮಾಡುವವರು ಆಲಿವ್ ಎಣ್ಣೆ ಸಿಗಲಿಲ್ಲ ಎಂದು ಚಿಂತಿಸಬೇಕಾಗಿಲ್ಲ.

ಹುಳಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತುವಿನ ಸೂಜಿಯಾಕಾರದ ಸೂಕ್ಷ್ಮ ಹರಳುಗಳಿವೆ. ನಾಲಿಗೆ, ಗಂಟಲು ತುರಿಸುವುದು ಅವುಗಳಿಂದ. ಅದಕ್ಕಾಗಿಯೇ ನಮ್ಮ ಹಿರಿಯರು ಧಾರಾಳ ಹುಣಸೆಹಣ್ಣು ಅರೆದು ಹಾಕಿ, ಬಹಳ ಹೊತ್ತು ಹಬೆಯಲ್ಲಿ ಬೇಯಿಸುವ ಕ್ರಮ ಮಾಡಿದರು. ದ್ರಾಕ್ಷಿ ಎಲೆ ಕುದಿನೀರು ಕಂಡರೆ ಸಾಕು, ಗಂಟಲು ತುರಿಸುವ ತೊಂದರೆ ಇಲ್ಲ. ಮೇಲಾಗಿ ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲ ದ್ರಾಕ್ಷಿ ಎಲೆಯಲ್ಲಿ ತಾನಾಗಿಯೇ ಇದೆ. ಪತ್ರೊಡೆಗೆ ನಾವು ಹೊರಗಿನಿಂದ ಸೇರಿಸುವ ಹುಳಿ ಯಪ್ರಾಕ್‌ನ ಎಲೆಯಲ್ಲೇ ಬಂದಿರುತ್ತದೆ.

ಎಲೆ ಎಲ್ಲಿಂದ ತರಬೇಕು?

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿರಿ.

ಉತ್ತರ ಕರ್ನಾಟಕದಲ್ಲಿ ದ್ರಾಕ್ಷಿಯ ದೊಡ್ಡ ತೋಟಗಳಿರುವುದು ವಿಜಯಪುರ, ಬಾಗಲಕೋಟೆ ಕಡೆ. ಗಡಿಯಾಚೆ ಸೊಲ್ಲಾಪುರ, ಸಾಂಗ್ಲಿಗಳಲ್ಲೂ ಇವೆ. ಹುಮನಾಬಾದಿನ ಮೂಲಕ ಹಾದುಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಸೊಲ್ಲಾಪುರವೇ ಸಿಗುತ್ತದೆ. ಪರಿಚಯದ ರೈತರಿದ್ದರೆ ಒಂದು ಚೀಲ ಎಲೆ ಉಚಿತವಾಗಿಯೇ ಸಿಕ್ಕೀತು. ಏಕೆಂದರೆ ರೈತರು ಹೆಚ್ಚಾದ ಚಿಗುರನ್ನು ಹೇಗೂ ಕಿತ್ತು ಹಾಕುತ್ತಾರೆ. ಆದರೆ ಅಂಥ ಎಲೆಯನ್ನು ಅಡುಗೆಗೆ ಬಳಸಬೇಡಿರಿ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಕಾರಣ ಹೀಗಿದೆ. ದ್ರಾಕ್ಷಿಗೆ ಬೂದಿರೋಗ, ಬೂಜುರೋಗ, ಚಿಬ್ಬುರೋಗಗಳ ಕಾಟ ಹೆಚ್ಚು. ಮಳೆ, ಮೋಡ ಬಂದರೆ ರೈತರು ಮತ್ತೆ ಮತ್ತೆ ಔಷಧಿ ಸಿಂಪಡಿಸಲೇಬೇಕಾಗುತ್ತದೆ. ಸವರಿದ ಮೇಲೆ ಮೊಗ್ಗು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕವನ್ನೂ ಹಚ್ಚುತ್ತಾರೆ. ಔಷಧಿ ಸಿಂಪಡಿಸಿದ ಎಷ್ಟು ದಿನಗಳ ನಂತರ ಕೊಯ್ಯಬೇಕು ಎಂಬ ಲೆಕ್ಕವೆಲ್ಲ ಹಣ್ಣನ್ನು ಗಮನದಲ್ಲಿಟ್ಟು ಮಾಡಿದ್ದು, ಎಲೆಯನ್ನಲ್ಲ. ಸಿಂಪಡಣೆ ಮೊದಲು ಬೀಳುವುದೇ ಎಲೆಯ ಮೇಲೆ. ಕೆಲವು ಔಷಧಿಗಳು ಎಲೆಯ ಒಳಕ್ಕೇ ಇಳಿಯುತ್ತವೆ. ಅವು ಉಪ್ಪುನೀರಿನಲ್ಲಿ ತೊಳೆದರೂ ಹೋಗುವುದಿಲ್ಲ. ತುರ್ಕಿಯಿಂದ ಬರುವ ದ್ರಾಕ್ಷಿ ಎಲೆಗಳಲ್ಲಿ ಕೀಟನಾಶಕದ ಅಂಶ ಮಿತಿ ಮೀರಿ ಕಂಡುಬಂದ ಕಾರಣ ಯುರೋಪಿನ ಒಕ್ಕೂಟವು ಅವುಗಳ ಮೇಲೆ ವಿಶೇಷ ತಪಾಸಣೆ ಇಟ್ಟದ್ದೂ ಇದೆ. ತಿನ್ನಲೆಂದೇ ಎಲೆ ಮಾರುವ ನಾಡಿನಲ್ಲೇ ಈ ಕಷ್ಟವಿರುವಾಗ ಹಣ್ಣಿಗಾಗಿ ಬೆಳೆಸಿದ ತೋಟದ ಎಲೆಯನ್ನು ಮಕ್ಕಳ, ಹಾಸ್ಟೆಲ್ ವಿದ್ಯಾರ್ಥಿಗಳ ತಟ್ಟೆಗೆ ಹಾಕುವುದು ಸರಿಯಲ್ಲ. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಅವರು ಬೆಳೆದದ್ದು ಹಣ್ಣನ್ನು, ಸೊಪ್ಪನ್ನಲ್ಲ.

ಹಾಗಾದರೆ ದಾರಿ ಎರಡು. ಒಂದು, ದೊಡ್ಡ ನಗರಗಳ ಅಂಗಡಿಗಳಲ್ಲಿ ಸಿಗುವ, ಉಪ್ಪುನೀರಿನಲ್ಲಿಟ್ಟ ಬಾಟಲಿ ಎಲೆಯನ್ನು ತರುವುದು. ಬೆಲೆ ಹೆಚ್ಚು. ಇನ್ನೊಂದು, ನಮ್ಮ ಅಂಗಳದಲ್ಲೇ ಒಂದು ಬಳ್ಳಿ ಬೆಳೆಸುವುದು. ಎರಡನೆಯದೇ ಉತ್ತಮ.

ಅಂಗಳದ ಬಳ್ಳಿ

ದ್ರಾಕ್ಷಿ ಬಳ್ಳಿ ಬೀಜದಿಂದಲ್ಲ, ಕಡ್ಡಿಯಿಂದ ಬೆಳೆಯುತ್ತದೆ. ದಖ್ಖನ್ ಸೀಮೆಯ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ, ಏಪ್ರಿಲ್ ಹೊತ್ತಿಗೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ. ಅಕ್ಟೋಬರಿನಲ್ಲಿ ಸವರಿ ಬಿಸಾಡುವ ಬಲಿತ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ, ನಾಲ್ಕು ಗಿಣ್ಣುಗಳಿರುವ ತುಂಡನ್ನು ಕೇಳಿ ತನ್ನಿರಿ. ಎರಡು ಗಿಣ್ಣು ಮಣ್ಣಿನೊಳಗೆ, ಎರಡು ಮೇಲೆ ಇರುವಂತೆ ನೆರಳಿನಲ್ಲಿ ನೆಟ್ಟು ತೇವ ಕಾಯ್ದರೆ ಚಿಗುರುತ್ತದೆ. ಬೇರು ಬಂದ ಮೇಲೆ ಬಿಸಿಲಿರುವ, ನೀರು ನಿಲ್ಲದ ಜಾಗಕ್ಕೆ ಬದಲಿಸಿ ಚಪ್ಪರಕ್ಕೆ ಹಬ್ಬಿಸಬೇಕು. ಬೀದರ್ ಕಡೆಯ ಬೇಸಿಗೆಯಲ್ಲಿ ಆ ಚಪ್ಪರದ ನೆರಳು ಕೂಡ ಒಂದು ಉಪಕಾರವೇ.

ತಳಿಯ ಆಯ್ಕೆಯೂ ಮುಖ್ಯ. ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜರಹಿತ ದ್ರಾಕ್ಷಿಯ ಎಲೆ ತೆಳು, ನುಣುಪು. ಹೊರದೇಶಗಳಲ್ಲೂ ಸುತ್ತುವುದಕ್ಕೆ ಇದೇ ಎಲೆಗೆ ಹೆಸರು. ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿಯ ಎಲೆ ದಪ್ಪ. ಅದರ ಅಡಿಭಾಗದಲ್ಲಿ ಬಟ್ಟೆಯಂತಹ ರೋಮವಿರುತ್ತದೆ, ಬಾಯಿಗೆ ಒರಟು.

ಮೊದಲ ವರ್ಷ ಎಲೆ ಕೀಳಬೇಡಿರಿ, ಬಳ್ಳಿಗೆ ಶಕ್ತಿ ಬರಲಿ. ಆಮೇಲೆ ಒಂದು ಕುಡಿಯಿಂದ ಎರಡು ಮೂರು ಎಲೆಯಂತೆ ತೆಗೆಯಬಹುದು. ತುದಿಯಿಂದ ಎಣಿಸಿ ಮೂರನೆಯ ಎಲೆಯಿಂದ ಐದನೆಯ ಎಲೆಯವರೆಗಿನವು ಸರಿಯಾದ ಹದದವು. ಅಂಗೈಯಗಲ, ತಿಳಿಹಸಿರು, ಬೆರಳಲ್ಲಿ ಮಡಚಿದರೆ ಮುರಿಯದಷ್ಟು ಮೃದು ಇರಬೇಕು. ಅಲ್ಬೇನಿಯಾದಲ್ಲಿ ವಸಂತದ ಕೊನೆಗೆ ಎಲೆ ಕಿತ್ತು ವರ್ಷಕ್ಕಾಗುವಷ್ಟು ಉಪ್ಪಿನಲ್ಲಿಡುತ್ತಾರೆ. ನಮ್ಮಲ್ಲಿ ಎರಡು ಸಲ ಸವರುವುದರಿಂದ ಎಳೆ ಎಲೆ ವರ್ಷಕ್ಕೆ ಎರಡು ಸಲ ಸಿಗುತ್ತದೆ. ಎಲೆಗಾಗಿ ಬೆಳೆಸಿದ ಬಳ್ಳಿಗೆ ಔಷಧಿ ಸಿಂಪಡಿಸಬಾರದು. ರೋಗ ತಗಲಿದ ಎಲೆಯನ್ನು ಕಿತ್ತು ಸುಟ್ಟುಬಿಡಿರಿ. ಕುಡಿಗಳನ್ನು ವಿರಳ ಮಾಡಿ ಗಾಳಿಯಾಡಲು ಬಿಡಿರಿ. ಹಣ್ಣು ಕಡಿಮೆಯಾದರೂ ಚಿಂತೆಯಿಲ್ಲ.

ಬೇಕಾಗುವ ಸಾಮಗ್ರಿಗಳು

ಸುಮಾರು 40 ಯಪ್ರಾಕ್‌ಗೆ, ಅಂದರೆ ಆರರಿಂದ ಎಂಟು ಮಂದಿಯ ಊಟಕ್ಕೆ, ಈ ಅಳತೆ ಸಾಕು.

ದ್ರಾಕ್ಷಿ ಎಲೆ 50. ಇದರಲ್ಲಿ ಹರಿದವು ಪಾತ್ರೆಯ ತಳಕ್ಕೆ ಆಗುತ್ತವೆ.
ಸೋನಾ ಮಸೂರಿಯಂತಹ ಬೆಳ್ತಿಗೆ ಅಕ್ಕಿ 150 ಗ್ರಾಂ.
ಕುರಿ ಅಥವಾ ಆಡಿನ ಖೀಮಾ 250 ಗ್ರಾಂ.
ದೊಡ್ಡ ಈರುಳ್ಳಿ 2, ಸಣ್ಣಗೆ ಹೆಚ್ಚಿದ್ದು.
ಸಬ್ಬಸಿಗೆ ಸೊಪ್ಪು ಒಂದು ಸಣ್ಣ ಕಟ್ಟು, ಪುದೀನಾ ಅರ್ಧ ಕಟ್ಟು.
ಎಣ್ಣೆ 5 ದೊಡ್ಡ ಚಮಚ.
ನಿಂಬೆಹಣ್ಣು 1, ಕರಿಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ರುಚಿಗೆ ಉಪ್ಪು.
ಬಡಿಸಲು ಗಟ್ಟಿ ಮೊಸರು ಅರ್ಧ ಲೀಟರ್.

ಸಬ್ಬಸಿಗೆಯ ಬಗ್ಗೆ ಒಂದು ಮಾತು. ಯಪ್ರಾಕ್‌ಗೆ ಅಲ್ಬೇನಿಯನ್ನರು ಹಾಕುವ ಸೊಪ್ಪುಗಳಲ್ಲಿ ಇದೂ ಒಂದು. ನಾವು ಪಲ್ಯಕ್ಕೆ, ವಡೆಗೆ ಹಾಕುವ ಅದೇ ಸೊಪ್ಪು. ಬಸವಕಲ್ಯಾಣದ ಸಂತೆಯಲ್ಲಿ ಮರಾಠಿ ಮಾತನಾಡುವ ಮಾರಾಟಗಾರರಲ್ಲಿ ಶೇಪು ಎಂದು ಕೇಳಿದರೆ ಕೊಡುತ್ತಾರೆ. ಇಲ್ಲಿಯ ಸಬ್ಬಸಿಗೆಯ ವಾಸನೆ ತೀಕ್ಷ್ಣ, ಆದ್ದರಿಂದ ಅಳತೆ ಮೀರಬಾರದು. ಎಣ್ಣೆಗೆ ಆ ಸೀಮೆಯ ಕುಸುಬೆ ಎಣ್ಣೆ ಚೆನ್ನಾಗಿ ಹೊಂದುತ್ತದೆ. ಆಲಿವ್ ಎಣ್ಣೆ ಇದ್ದರೆ ಸರಿ, ಇಲ್ಲದಿದ್ದರೂ ಸರಿ. ಕುಚ್ಚಲಕ್ಕಿ ಬೇಡ, ಅದು ಬೇಯುವಷ್ಟರಲ್ಲಿ ಎಲೆ ಕರಗಿಹೋಗುತ್ತದೆ. ಹಸಿಮೆಣಸು, ಗರಂ ಮಸಾಲೆ ಹಾಕುವ ಆಸೆಯಾದರೆ ಮೊದಲ ಸಲ ತಡೆದುಕೊಳ್ಳಿರಿ. ಎಲೆಯ ಹುಳಿ, ಸೊಪ್ಪಿನ ಪರಿಮಳ, ಮೊಸರಿನ ತಂಪು, ಈ ಮೂರರ ಮೇಲೆ ಈ ಅಡುಗೆ ನಿಂತಿದೆ.

ಮಾಡುವ ವಿಧಾನ

ಮೊದಲು ಎಲೆಯನ್ನು ಹದ ಮಾಡಬೇಕು. ಎಲೆಗಳನ್ನು ತೊಳೆದು ತೊಟ್ಟನ್ನು ಬುಡಕ್ಕೆ ಕತ್ತರಿಸಿರಿ. ಅಗಲವಾದ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಕುದಿಯುತ್ತಿರುವಾಗ ಹತ್ತು ಹತ್ತು ಎಲೆಯಂತೆ ಒಂದೆರಡು ನಿಮಿಷ ಮುಳುಗಿಸಿ ತೆಗೆದು ತಣ್ಣೀರಿಗೆ ಹಾಕಿರಿ. ಹಸಿರು ಬಣ್ಣ ಕಂದುಹಸಿರಾಗುತ್ತದೆ. ಅದು ಕೆಟ್ಟದ್ದಲ್ಲ. ಎಲೆಯೊಳಗಿನ ಹುಳಿ ಬಿಸಿಗೆ ಹೊರಬಂದು ಹಸಿರು ವರ್ಣದ್ರವ್ಯವನ್ನು ಬದಲಿಸುವುದರಿಂದ ಹಾಗಾಗುತ್ತದೆ. ಎಲೆ ಹದವಾಗಿದೆ ಎನ್ನುವುದಕ್ಕೆ ಆ ಬಣ್ಣವೇ ಗುರುತು. ಬಾಟಲಿಯ ಎಲೆಯಾದರೆ ಕುದಿಸುವುದು ಬೇಡ. ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಎರಡು ಸಲ ತೊಳೆದು ಉಪ್ಪು ತೆಗೆಯಬೇಕು.

ಎರಡನೆಯದು ಹೂರಣ. ಮೂರು ಚಮಚ ಎಣ್ಣೆಯಲ್ಲಿ ಈರುಳ್ಳಿಯನ್ನು ಕೆಂಪಾಗಿಸದೆ ಮೆತ್ತಗೆ ಹುರಿಯಿರಿ. ತೊಳೆದು ಸೋಸಿದ ಅಕ್ಕಿ ಹಾಕಿ ಎರಡು ನಿಮಿಷ ಕೈಯಾಡಿಸಿ, ಅರ್ಧ ಲೋಟ ನೀರು ಹಾಕಿ ಅದು ಇಂಗುವವರೆಗೆ ಮಾತ್ರ ಬೇಯಿಸಿರಿ. ಅಕ್ಕಿ ಅರೆಬೆಂದಿರಬೇಕು. ಪೂರ್ತಿ ತಣ್ಣಗಾದ ಮೇಲೆ ಖೀಮಾ, ಹೆಚ್ಚಿದ ಸೊಪ್ಪುಗಳು, ಮೆಣಸಿನ ಪುಡಿ, ಉಪ್ಪು ಸೇರಿಸಿ ಕಲಸಿರಿ. ಬಿಸಿ ಅಕ್ಕಿಗೆ ಹಸಿ ಮಾಂಸ ಹಾಕಿ ಇಟ್ಟರೆ ಕೆಡಲು ದಾರಿ ಮಾಡಿಕೊಟ್ಟಂತೆ. ಕಲಸಿದ ಮೇಲೆ ತಡ ಮಾಡದೆ ಸುತ್ತಲು ಕೂರಬೇಕು.

ಮೂರನೆಯದು ಸುತ್ತುವುದು. ಎಲೆಯ ಹೊಳಪಿನ ಮುಖ ಕೆಳಗೆ, ನರ ಎದ್ದಿರುವ ಮುಖ ಮೇಲೆ ಬರುವಂತೆ ಮಣೆಯ ಮೇಲೆ ಹಾಸಿರಿ. ತೊಟ್ಟಿನ ಕಡೆ ಒಂದು ಚಮಚದಷ್ಟು ಹೂರಣವಿಡಿರಿ. ತೊಟ್ಟಿನ ಬದಿಯ ಅಂಚನ್ನು ಅದರ ಮೇಲೆ ಮಡಚಿ, ಎರಡೂ ಪಕ್ಕಗಳನ್ನು ಒಳಗೆ ಮಡಚಿ, ತುದಿಯವರೆಗೆ ಸುತ್ತಿರಿ. ಕಿರುಬೆರಳಿಗಿಂತ ತುಸು ದಪ್ಪವಿದ್ದರೆ ಸಾಕು. ಬಿಗಿಯಾಗಿ ಸುತ್ತಬಾರದು. ಅರೆಬೆಂದ ಅಕ್ಕಿ ಇನ್ನೂ ಉಬ್ಬುತ್ತದೆ, ಬಿಗಿಯಾದರೆ ಎಲೆ ಒಡೆಯುತ್ತದೆ. ಪತ್ರೊಡೆ ಸುತ್ತಿ ಅಭ್ಯಾಸವಿರುವವರು ಇಲ್ಲಿ ಎಚ್ಚರ ವಹಿಸಬೇಕು. ಪತ್ರೊಡೆಯ ಹಿಟ್ಟು ಅರೆದದ್ದು, ಅದು ಅಷ್ಟಾಗಿ ಉಬ್ಬುವುದಿಲ್ಲ. ಅಲ್ಲಿ ಬಿಗಿಯೇ ಚೆಂದ.

ನಾಲ್ಕನೆಯದು ಬೇಯಿಸುವುದು. ದಪ್ಪ ತಳದ ಪಾತ್ರೆಗೆ ಹರಿದ ಎಲೆಗಳನ್ನು ಹಾಸಿರಿ, ತಳ ಹಿಡಿಯುವುದಿಲ್ಲ. ಸುತ್ತಿದವನ್ನು ಮಡಿಕೆ ಕೆಳಗಾಗುವಂತೆ ಒತ್ತಾಗಿ ಜೋಡಿಸಿರಿ, ಒಂದರ ಮೇಲೊಂದು ಎರಡು ಮೂರು ಸಾಲು ಬರಬಹುದು. ಉಳಿದ ಎಣ್ಣೆ, ನಿಂಬೆರಸ, ಸ್ವಲ್ಪ ಉಪ್ಪು ಹಾಕಿ, ಮೇಲಿನ ಸಾಲು ಮುಳುಗುವಷ್ಟೇ ಬಿಸಿನೀರು ಸುರಿಯಿರಿ. ಅದರ ಮೇಲೆ ಒಂದು ತಟ್ಟೆಯನ್ನು ಕವುಚಿ ಹಾಕಬೇಕು. ಈ ಭಾರವಿಲ್ಲದಿದ್ದರೆ ಕುದಿಯುವಾಗ ಎಲ್ಲ ಮೇಲೆದ್ದು ಬಿಚ್ಚಿಕೊಳ್ಳುತ್ತವೆ. ಮುಚ್ಚಳ ಮುಚ್ಚಿ, ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿರಿ. ಒಂದನ್ನು ತೆಗೆದು ಕತ್ತರಿಸಿ ನೋಡಿರಿ. ಅಕ್ಕಿ ಬೆಂದು, ಮಾಂಸದಲ್ಲಿ ಕೆಂಪು ಉಳಿಯದೆ, ಎಲೆ ಹಲ್ಲಿಗೆ ಸುಲಭವಾಗಿ ಸಿಕ್ಕರೆ ಆಯಿತು. ಉರಿ ಆರಿಸಿ ಕಾಲು ಗಂಟೆ ಹಾಗೆಯೇ ಬಿಟ್ಟರೆ ಉಳಿದ ರಸವನ್ನು ಹೀರಿಕೊಳ್ಳುತ್ತದೆ. ಕುಕ್ಕರ್‌ನಲ್ಲಿ ಸೀಟಿ ಹಾಕಿಸಿದರೆ ಎಲೆ ಒಡೆದು ಹೂರಣ ಹೊರಬರುತ್ತದೆ, ಆ ಆತುರ ಬೇಡ.

ಮಾಂಸವಿಲ್ಲದ ಯಪ್ರಾಕ್

ಬಸವಕಲ್ಯಾಣ 12ನೇ ಶತಮಾನದ ಶರಣರ ಊರು. ಬಸವಣ್ಣನವರ ನೆನಪು, ದಾಸೋಹದ ಪರಂಪರೆ ಅಲ್ಲಿ ಇಂದಿಗೂ ಜೀವಂತ. ನಮ್ಮ ಶಾಲೆಗಳ ಮಕ್ಕಳ ಪೋಷಕರಲ್ಲಿ, ನೆರೆಮನೆಯವರಲ್ಲಿ ಮಾಂಸ ಮುಟ್ಟದವರು ಬಹಳ. ಅವರನ್ನು ಬಿಟ್ಟು ಹಬ್ಬ ಮಾಡುವುದು ಹಬ್ಬವಲ್ಲ. ಸಂತೋಷದ ವಿಷಯವೆಂದರೆ ಮಾಂಸವಿಲ್ಲದ ಯಪ್ರಾಕ್ ನಾವು ಈಗ ಹೊಂದಿಸಿದ ಉಪಾಯವಲ್ಲ. ಎಣ್ಣೆಯಲ್ಲಿ ಮಾಡಿ ತಣ್ಣಗೆ ತಿನ್ನುವ ಆ ಬಗೆಗೆ ತನ್ನದೇ ಹಳೆಯ ಸಂಪ್ರದಾಯವಿದೆ. ತುರ್ಕರು ಅದನ್ನು 'ಸುಳ್ಳು ದೋಲ್ಮಾ' ಎಂಬ ಅರ್ಥದ ಹೆಸರಿನಿಂದ ತಮಾಷೆಯಾಗಿ ಕರೆಯುತ್ತಾರೆ, ಒಳಗೆ ಮಾಂಸವಿದೆಯೆಂದು ನಂಬಿಸುತ್ತದೆ ಎಂದು. ಆ ನಾಡುಗಳ ಕ್ರೈಸ್ತರಿಗೆ ಉಪವಾಸದ ದಿನಗಳಿಗೂ ಇದು ಒದಗುತ್ತದೆ. ನಮ್ಮ ತಪಸ್ಸು ಕಾಲದ ಶುಕ್ರವಾರಗಳಿಗೂ ಸೂಕ್ತ.

ಇದಕ್ಕೆ ಖೀಮಾದ ಬದಲು ಅಕ್ಕಿಯನ್ನು 250 ಗ್ರಾಂಗೆ, ಈರುಳ್ಳಿಯನ್ನು ನಾಲ್ಕಕ್ಕೆ ಹೆಚ್ಚಿಸಿರಿ. ಈರುಳ್ಳಿ ಹುರಿಯಲು ಒಂದೆರಡು ಚಮಚ ಎಣ್ಣೆ ಹೆಚ್ಚು ಬೇಕು. ಅಕ್ಕಿ ಹೆಚ್ಚಾದ್ದರಿಂದ ಅರೆಬೇಯಿಸುವ ನೀರನ್ನು ಮುಕ್ಕಾಲು ಲೋಟ ಮಾಡಿರಿ. ಸೊಪ್ಪು ಇನ್ನೂ ಸ್ವಲ್ಪ ಇರಲಿ. ವಿಜಯಪುರದ ಒಣದ್ರಾಕ್ಷಿ ಒಂದು ಹಿಡಿ ಹಾಕಿದರೆ ಎಲೆಯ ಹುಳಿಗೆ ಅದರ ಸಿಹಿ ಹೊಂದುತ್ತದೆ. 35ರಿಂದ 40 ನಿಮಿಷ ಬೆಂದರೆ ಸಾಕು. ಆದರೆ ಮಾಂಸದ ಯಪ್ರಾಕ್ ಬೇಯಿಸಿದ ಪಾತ್ರೆಯಲ್ಲೇ, ಅದೇ ಸೌಟಿನಿಂದ ಇದನ್ನು ಮಾಡಬಾರದು. ಬೇರೆ ಪಾತ್ರೆ, ಬೇರೆ ತಟ್ಟೆ ಇರಲಿ, ಅದನ್ನು ಅತಿಥಿಗಳಿಗೆ ಮೊದಲೇ ತಿಳಿಸಿರಿ. ನಂಬಿ ಬಂದು ಊಟಕ್ಕೆ ಕುಳಿತವರ ನಂಬಿಕೆ ಕಾಯುವುದು ಅಡುಗೆ ಮಾಡಿದವರ ಹೊಣೆ.

ಅಲ್ಬೇನಿಯಾದಲ್ಲಿ ಮುಸ್ಲಿಮರು, ಆರ್ಥೊಡಾಕ್ಸ್ ಕ್ರೈಸ್ತರು, ಕಥೋಲಿಕರು ಅಕ್ಕಪಕ್ಕದಲ್ಲಿ ಬಾಳುತ್ತಾರೆ. 1967ರಲ್ಲಿ ಅಲ್ಲಿಯ ಕಮ್ಯುನಿಸ್ಟ್ ಸರ್ಕಾರ ಎಲ್ಲ ಧರ್ಮಗಳನ್ನೂ ನಿಷೇಧಿಸಿ ಚರ್ಚು, ಮಸೀದಿಗಳನ್ನು ಮುಚ್ಚಿಸಿತು. 1990ರ ನವೆಂಬರಿನಲ್ಲಿ ಶ್ಕೋಡರ್ ನಗರದ ಸ್ಮಶಾನದಲ್ಲಿ ಮತ್ತೆ ಬಹಿರಂಗವಾಗಿ ಬಲಿಪೂಜೆ ನಡೆಯುವವರೆಗೆ ಸುಮಾರು 23 ವರ್ಷ ಹಬ್ಬಗಳಿಗೆ ಮನೆಯೊಳಗಿನ ಮೇಜು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಯಪ್ರಾಕ್ ಆ ಮೂವರ ಮನೆಗಳಿಗೂ ಸೇರಿದ ಅಡುಗೆ.

ಎಲೆ ಸಿಗದಿದ್ದರೆ

ಬಳ್ಳಿ ಬೆಳೆಯುವವರೆಗೆ ಕಾಯಬೇಕೆ? ಬೇಕಾಗಿಲ್ಲ. ಎಲೆಕೋಸನ್ನು ಬಳಸಬಹುದು. ಮೇಲೆ ಹೇಳಿದಂತೆ ಅದು ಅಲ್ಬೇನಿಯನ್ನರ ಸರ್ಮಾ. ಇಡೀ ಕೋಸಿನ ದಿಂಡನ್ನು ಕೊರೆದು ತೆಗೆದು, ಕುದಿನೀರಿನಲ್ಲಿ ಮುಳುಗಿಸಿದರೆ ಎಲೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ದಪ್ಪ ನರವನ್ನು ಚಾಕುವಿನಿಂದ ಹೆರೆದು ಸುತ್ತಬೇಕು. ಕೋಸಿಗೆ ಹುಳಿಯಿಲ್ಲ, ಆದ್ದರಿಂದ ನಿಂಬೆಹಣ್ಣು ಎರಡು ಇರಲಿ.

ಆದರೆ ಕೆಸುವಿನ ಎಲೆಯನ್ನು ದ್ರಾಕ್ಷಿ ಎಲೆಯ ಬದಲಿಗೆ ಈ ವಿಧಾನದಲ್ಲಿ ಬಳಸಬೇಡಿರಿ. ಒಂದು ನಿಂಬೆಹಣ್ಣಿನ ಹುಳಿಗೆ ಅದರ ತುರಿಕೆ ಅಡಗುವುದಿಲ್ಲ. ಕೆಸು ಸಿಕ್ಕಿದರೆ ಹುಣಸೆ ಹಾಕಿ ಪತ್ರೊಡೆಯನ್ನೋ ಆಳುವಡಿಯನ್ನೋ ಮಾಡಿರಿ, ಅವು ಅದಕ್ಕೆಂದೇ ಇರುವ ಅಡುಗೆಗಳು. ಹಾಗೆಯೇ ಬೇಲಿಯಲ್ಲಿ ದ್ರಾಕ್ಷಿ ಎಲೆಯಂತೆ ಕಾಣುವ ಯಾವುದೋ ಕಾಡುಬಳ್ಳಿಯ ಎಲೆ ಬೇಡವೇ ಬೇಡ.

ಬಡಿಸುವುದು, ಉಳಿಸುವುದು

ಮಾಂಸದ್ದನ್ನು ಬಿಸಿಯಾಗಿ, ಮಾಂಸವಿಲ್ಲದ್ದನ್ನು ತಣ್ಣಗೆ ಬಡಿಸುವುದು ವಾಡಿಕೆ. ಎರಡಕ್ಕೂ ಮೊಸರು ಜೊತೆ. ಮೊಸರಿಗೆ ಸ್ವಲ್ಪ ಉಪ್ಪು, ಜಜ್ಜಿದ ಒಂದೆಸಳು ಬೆಳ್ಳುಳ್ಳಿ ಸೇರಿಸಬಹುದು.

ತಣ್ಣಗೆ ತಿನ್ನುವುದೆಂದರೆ ಬೆಳಿಗ್ಗೆ ಮಾಡಿ ಸಂಜೆಯವರೆಗೆ ಹೊರಗಿಡುವುದು ಎಂದಲ್ಲ. ಬೆಂದ ಅನ್ನ ಸೆಕೆಯಲ್ಲಿ ಬೇಗ ಕೆಡುತ್ತದೆ. ಅದರಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಬೀದರ್ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಒಂದು ಗಂಟೆಯೊಳಗೆ. ನೂರು ಮಂದಿಗೆ ಮಾಡುವ ಧರ್ಮಕೇಂದ್ರದ ಊಟಗಳಲ್ಲಿ ಫ್ರಿಜ್ ಸಾಲದಿದ್ದರೆ ಬಿಸಿಬಿಸಿಯಾಗಿ ಬಡಿಸಿ ಮುಗಿಸುವುದೇ ಕ್ಷೇಮ.

ಹೆಚ್ಚು ಎಲೆ ಸಿಕ್ಕಿದಾಗ ಕುದಿನೀರಿನಲ್ಲಿ ಹದ ಮಾಡಿ, ಹತ್ತು ಹತ್ತನ್ನು ಸುರುಳಿ ಮಾಡಿ, ಲೀಟರ್ ನೀರಿಗೆ 100 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿ ಗಾಜಿನ ಬಾಟಲಿಯಲ್ಲಿಟ್ಟು ಫ್ರಿಜ್‌ನಲ್ಲಿಡಬಹುದು. ಇನ್ನೂ ಬಹುಕಾಲ ಉಳಿಯಬೇಕಾದರೆ ಹದ ಮಾಡಿದ ಎಲೆಯನ್ನು ಫ್ರೀಜರ್‌ನಲ್ಲಿಡುವುದು ಸುಲಭ.

ನಲವತ್ತು ಎಲೆ ಸುತ್ತಲು ಒಬ್ಬರಿಗೆ ಬಹಳ ಹೊತ್ತು ಬೇಕು, ನಾಲ್ವರು ಕುಳಿತರೆ ಮಾತು ಮುಗಿಯುವ ಮೊದಲೇ ಕೆಲಸ ಮುಗಿದಿರುತ್ತದೆ. ಆದ್ದರಿಂದ ಇದನ್ನು ಒಬ್ಬರ ತಲೆಗೆ ಕಟ್ಟಬೇಡಿರಿ. ಯುವಜನರೂ ಮಹಿಳಾ ಸಂಘಟನೆಯವರೂ ಹಾಸ್ಟೆಲಿನ ಮಕ್ಕಳೂ ಒಟ್ಟಿಗೆ ಕೂರಲಿ, ನೆರೆಮನೆಯ ಆಳುವಡಿ ಬಲ್ಲ ಕಾಕುವನ್ನೂ ಕರೆಯಿರಿ. ಸುತ್ತುವ ಕೈಚಳಕ ಅವರಿಗೆ ಆಗಲೇ ಗೊತ್ತಿರುತ್ತದೆ. ಈ ಅಕ್ಟೋಬರಿನಲ್ಲಿ ಒಂದು ಕಡ್ಡಿ ನೆಟ್ಟರೆ ಮುಂದಿನ ಅಕ್ಟೋಬರ್ ಸವರಣೆಯ ನಂತರದ ಚಿಗುರಿನಲ್ಲಿ ನಿಮ್ಮದೇ ಅಂಗಳದ ಎಲೆ ಕೈಗೆ ಬರುತ್ತದೆ. ಅಲ್ಲಿಯವರೆಗೆ ಹುಮನಾಬಾದಿನ ಸಂತೆಯ ಎಲೆಕೋಸು ಇದ್ದೇ ಇದೆ.